ಐದನೇ ಗೇರ್ ಬಿಡದ ಲಾಕ್ ನಟ್: ಒಂದು ಪ್ರಕರಣ ಅಧ್ಯಯನ

ಮುಂದಿನ ಚಕ್ರ ಎಳೆಯುವ ಸಣ್ಣ ಕಾರು, ಅಡ್ಡಲಾಗಿ ಕೂತ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್. ದೂರು ಎರಡು. ಗಾಡಿ ನಿಂತು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೆ ಗೊರಗೊರ ಸದ್ದು. ಕ್ಲಚ್ ತುಳಿದ ಕೂಡಲೇ ಸದ್ದು ಮಾಯ. ಇನ್‌ಪುಟ್ ಶಾಫ್ಟಿನ (ಎಂಜಿನ್ನಿನ ಬಲವನ್ನು ಒಳಗೆ ತರುವ ದಂಡ) ಬೇರಿಂಗ್ ಹೋಗಿರುವ ಲಕ್ಷಣ ಇದು. ಎರಡನೆಯದು, ಐದನೇ ಗೇರಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಗೇರ್ ತಾನಾಗಿ ಕಳಚಿಕೊಳ್ಳುತ್ತದೆ. ಬೇರಿಂಗ್, ಸಿಂಕ್ರೊ ರಿಂಗ್ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಬಳೆ), ಐದನೇ ಗೇರಿನ ಸ್ಲೀವ್ (ಜಾರಿ ಬಂದು ಗೇರನ್ನು ಶಾಫ್ಟಿಗೆ ಜೋಡಿಸುವ ಬಳೆ) ಬದಲಿಸಬೇಕೆಂಬುದು ಬಿಚ್ಚುವ ಮೊದಲೇ ಖಾತ್ರಿಯಾಗಿತ್ತು, ಆ ಕೆಲಸದಲ್ಲಿ ವಿಶೇಷವೇನೂ ಇರಲಿಲ್ಲ. ದಿನ ತಿಂದದ್ದು ಒಂದು ನಟ್.

ಈ ಮಾದರಿಯ ಗೇರ್‌ಬಾಕ್ಸ್‌ನಲ್ಲಿ ಐದನೇ ಗೇರಿನ ಜೋಡಿ ಮುಖ್ಯ ಕೇಸಿನ ಹೊರಗೆ, ಕ್ಲಚ್‌ಗೆ ಎದುರಿನ ತುದಿಯಲ್ಲಿ, ತಗಡಿನ ಮುಚ್ಚಳದಡಿ ಇರುತ್ತದೆ. ಎರಡು ಶಾಫ್ಟಿನ ತುದಿಗೂ ಒಂದೊಂದು ಲಾಕ್ ನಟ್, ಅಂದರೆ ತಾನಾಗಿ ಸಡಿಲವಾಗದಂತೆ ಮಾಡಿದ ನಟ್. ಇನ್‌ಪುಟ್ ಶಾಫ್ಟಿನ ನಟ್ ಐದನೇ ಗೇರಿನ ಸಿಂಕ್ರೊ ಹಬ್ಬನ್ನು ಹಿಡಿದಿರುತ್ತದೆ, ಔಟ್‌ಪುಟ್ ಶಾಫ್ಟಿನದು (ಬಲವನ್ನು ಚಕ್ರಗಳತ್ತ ಕಳಿಸುವ ದಂಡ) ಅದರ ಜೋಡಿ ಗೇರನ್ನು. ಬೇರಿಂಗುಗಳನ್ನು ಹಿಡಿದಿಡುವ ಸ್ನ್ಯಾಪ್ ರಿಂಗ್‌ಗಳು ಈ ಗೇರುಗಳ ಕೆಳಗೆ ಅಡಗಿವೆ. ಅಂದರೆ ಎರಡೂ ನಟ್ ಬರದೆ ಐದನೇ ಗೇರ್ ಬರುವುದಿಲ್ಲ, ಅದು ಬರದೆ ಕೇಸ್ ಮೇಲೇಳುವುದಿಲ್ಲ.

ಇನ್‌ಪುಟ್ ಶಾಫ್ಟಿನ ನಟ್ ಇಂಪ್ಯಾಕ್ಟ್ ಗನ್ನಿಗೆ (ಗಾಳಿಯ ಒತ್ತಡದಿಂದ ಏಟು ಕೊಟ್ಟು ನಟ್ ತಿರುಗಿಸುವ ಯಂತ್ರ) ನಾಲ್ಕೈದು ಸೆಕೆಂಡಿನಲ್ಲಿ ಬಂತು. ಔಟ್‌ಪುಟ್ ಶಾಫ್ಟಿನದು ಮೂರು ಗಂಟೆ ತೆಗೆದುಕೊಂಡಿತು, ಕೊನೆಗೆ ತುಂಡಾಗಿಯೇ ಬಂತು.

ಬಿಚ್ಚುವ ಮೊದಲು ಕಂಡದ್ದು

ಇಂಥ ನಟ್ಟಿಗೆ ಎಲ್ಲರೂ ಮೊದಲು ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುತ್ತಾರೆ. ಗೇರ್‌ಬಾಕ್ಸ್ ಒಳಗೆ ಅದರಿಂದ ಉಪಯೋಗ ತೀರಾ ಕಡಿಮೆ. ವರ್ಷಗಟ್ಟಲೆ ಎಣ್ಣೆಯಲ್ಲೇ ಮಿಂದ ನಟ್ಟಿಗೆ ಇನ್ನಷ್ಟು ಎಣ್ಣೆ ಹಾಕಿ ಬರುವುದೇನು? ನೀರು ನುಗ್ಗಿದ ಗೇರ್‌ಬಾಕ್ಸ್ ಬಿಟ್ಟರೆ ಒಳಗೆ ತುಕ್ಕೇ ಇರುವುದಿಲ್ಲ. ನಟ್ಟನ್ನು ಹಿಡಿದಿರುವ ಕಾರಣಗಳು ಬೇರೆ: ಶಾಫ್ಟಿನ ಗ್ರೂವಿಗೆ (ಉದ್ದಕ್ಕೆ ಕೊರೆದ ಕಾಲುವೆ) ಕುಟ್ಟಿ ಇಳಿಸಿದ ನಟ್ಟಿನ ತುಟಿ (ಅದರ ಮೇಲಿನ ತೆಳು ಅಂಚು), ಥ್ರೆಡ್‌ಗೆ ಹಚ್ಚಿದ ಲಾಕಿಂಗ್ ಅಂಟು, ಸ್ಪೆಸಿಫಿಕೇಶನ್ನಿಗಿಂತ ಬಹಳ ಜಾಸ್ತಿ ಬಿಗಿತ, ಥ್ರೆಡ್ ಒಳಗೆ ಸಿಕ್ಕ ಲೋಹದ ಚೂರು, ಇಲ್ಲವೇ ಅದು ಉಲ್ಟಾ ಥ್ರೆಡ್ ಆಗಿದ್ದು ನಾವು ಬಿಚ್ಚುವ ಬದಲು ಬಿಗಿ ಮಾಡುತ್ತಿರುವುದು. ಇವುಗಳಲ್ಲಿ ಯಾವುದೆಂದು ತಿಳಿಯದೆ ಬಲ ಹಾಕಿದರೆ ಹಾಳಾಗುವುದು ಶಾಫ್ಟ್.

ಉಲ್ಟಾ ಥ್ರೆಡ್ ಅನುಮಾನವನ್ನು ಮೊದಲು ತೀರಿಸಿಕೊಳ್ಳಬೇಕು, ಅದಕ್ಕೆ ಒಂದು ನಿಮಿಷ ಸಾಕು. ಶಾಫ್ಟ್ ತಿರುಗುವಾಗ ನಟ್ ಬಿಗಿಯಾಗುವತ್ತಲೇ ಇರಲಿ ಎಂದು ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಒಂದು ಶಾಫ್ಟಿಗೆ ಉಲ್ಟಾ ಥ್ರೆಡ್ ಹಾಕಿರುತ್ತಾರೆ. ಪಕ್ಕದ ಶಾಫ್ಟಿನದು ನೇರ ಇದೆ ಎಂದು ಇದೂ ನೇರ ಇರಬೇಕಿಲ್ಲ. ನಟ್ಟಿನ ಹೊರಗೆ ಎರಡು ಸುತ್ತು ಥ್ರೆಡ್ ಕಾಣುತ್ತಿದ್ದರೂ ಸಾಕು. ಪಕ್ಕದಲ್ಲಿ ಸಾಮಾನ್ಯ ಬೋಲ್ಟ್ ಒಂದನ್ನು ಹಿಡಿದು ನೋಡಿ. ಶಾಫ್ಟ್ ನೆಟ್ಟಗೆ ನಿಂತಾಗ ಥ್ರೆಡ್ ಬಲಕ್ಕೆ ಏರುತ್ತಿದ್ದರೆ ನೇರ, ಎಡಕ್ಕೆ ಏರುತ್ತಿದ್ದರೆ ಉಲ್ಟಾ. ಇಲ್ಲಿ ಎರಡೂವರೆ ಸುತ್ತು ಕಾಣುತ್ತಿತ್ತು, ಥ್ರೆಡ್ ನೇರವೇ.

ನಟ್ಟಿನ ಅಳತೆ ಎಂ24 (ಥ್ರೆಡ್ಡಿನ ವ್ಯಾಸ 24 ಮಿ.ಮೀ.), ಪಿಚ್ (ಸುತ್ತಿನಿಂದ ಸುತ್ತಿಗೆ ಅಂತರ) 1.5 ಮಿ.ಮೀ., ಆರು ಮೂಲೆಯ ಭಾಗ 36 ಮಿ.ಮೀ. ಅಗಲ, 10 ಮಿ.ಮೀ. ಎತ್ತರ. ಅದರ ಮೇಲೆ ಸುಮಾರು 1 ಮಿ.ಮೀ. ದಪ್ಪದ ಗುಂಡನೆಯ ತುಟಿ. ಸ್ಪೆಸಿಫಿಕೇಶನ್ ಪ್ರಕಾರ ಬಿಗಿತ 170 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಇದು ಅಂಥಾ ದೊಡ್ಡ ಅಂಕಿ ಏನಲ್ಲ. ಈ ಗಾತ್ರದ ನಟ್‌ಗಳು ಸಾಮಾನ್ಯವಾಗಿ 100ರಿಂದ 250ರೊಳಗೆ ಇರುತ್ತವೆ. ಸರಿಯಾದ ಗನ್ನಿಗೆ ಬರಬೇಕಿತ್ತು.

ಬರದಿದ್ದಕ್ಕೆ ಗುರುತುಗಳು ನಟ್ಟಿನ ಮೇಲೇ ಇದ್ದವು. ಕಾರ್ಖಾನೆಯಲ್ಲಿ ಕುಟ್ಟಿದ ತುಟಿ ದುಂಡಗೆ, ನಯವಾಗಿ ಗ್ರೂವಿಗೆ ಇಳಿದಿರುತ್ತದೆ. ಇಲ್ಲಿ ಚೂಪು ಪಂಚಿನಿಂದ ಒಂದರ ಪಕ್ಕ ಒಂದು ಮೂರು ಏಟು ಬಿದ್ದಿದ್ದವು, ತುಟಿ ಒಂದು ಕಡೆ ಸೀಳು ಬಿಟ್ಟಿತ್ತು. ಆರು ಮೂಲೆಗಳಲ್ಲಿ ನಾಲ್ಕು ಆಗಲೇ ಮಿರುಗುತ್ತಿದ್ದವು, ಹನ್ನೆರಡು ಮೂಲೆಯ ಸಾಕೆಟ್ ಜಾರಿದ ಗುರುತು. ಥ್ರೆಡ್ ಸಂದಿಯಲ್ಲಿ ಕೆಂಪು ಪೊರೆಯಂಥದ್ದು ಒಣಗಿತ್ತು. ಅಂದರೆ ಗೇರ್‌ಬಾಕ್ಸ್ ಹಿಂದೊಮ್ಮೆ ಬಿಚ್ಚಿಸಿಕೊಂಡಿದೆ, ಹಳೆ ನಟ್ಟನ್ನೇ ವಾಪಸ್ ಹಾಕಿದ್ದಾರೆ, ತುಟಿಯ ಮೇಲೆ ನಂಬಿಕೆಯಿಲ್ಲದೆ ಅಂಟನ್ನೂ ಬಳಿದಿದ್ದಾರೆ. ಇಷ್ಟನ್ನು ಓದಿಕೊಂಡಿದ್ದರೆ ಮೂರು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಗುರುತು ಕಂಡಿತ್ತು, ಅದರ ಅರ್ಥ ಹೊಳೆದದ್ದು ಆಮೇಲೆ.

ಶಾಫ್ಟ್ ಹಿಡಿಯುವ ಲೆಕ್ಕ

ನಟ್ ತಿರುಗಬೇಕಾದರೆ ಶಾಫ್ಟ್ ನಿಲ್ಲಬೇಕು. ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಗೇರಿನ ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ತುರುಕುವುದು, ತಾಮ್ರದ ತುಂಡಾದರೂ ಸರಿ, ಎಲ್ಲ ಬಲವನ್ನೂ ಒಂದೇ ಹಲ್ಲಿನ ಮೂಲೆಗೆ ಹೇರುತ್ತದೆ. ಹಲ್ಲಿನ ಮೇಲ್ಪದರ ಗಾಜಿನಷ್ಟು ಗಡುಸು, ಗಾಜಿನಂತೆಯೇ ಸಿಡಿಯುತ್ತದೆ. ಮುರಿದ ಚಕ್ಕೆ ಕಣ್ಣಿಗೆ ಬೀಳದಿದ್ದರೆ ಮುಂದೆ ಬೇರಿಂಗಿಗೆ ಬೀಳುತ್ತದೆ.

ಬಲ್ಲವರು ಮಾಡುವುದು ಎರಡು ಗೇರನ್ನು ಒಟ್ಟಿಗೆ ಹಾಕಿ ಎರಡು ಶಾಫ್ಟನ್ನೂ ಒಂದಕ್ಕೊಂದು ಕಟ್ಟಿಹಾಕುವುದು. ಗೇರ್‌ಬಾಕ್ಸ್ ಒಳಗಿನ ಇಂಟರ್‌ಲಾಕ್ (ಎರಡು ಗೇರ್ ಒಟ್ಟಿಗೆ ಬೀಳದಂತೆ ತಡೆಯುವ ವ್ಯವಸ್ಥೆ) ಇದಕ್ಕೆ ಬಿಡುವುದಿಲ್ಲ. ಆದರೆ ಐದನೇ ಗೇರಿನ ಫೋರ್ಕ್ (ಸ್ಲೀವನ್ನು ತಳ್ಳುವ ಕವಲು) ಹೊರಗಿದೆ. ಅದರ ರೋಲ್ ಪಿನ್ ಬಡಿದು ತೆಗೆದರೆ ಸ್ಲೀವನ್ನು ಕೈಯಲ್ಲೇ ಜಾರಿಸಿ ಐದಕ್ಕೆ ಹಾಕಬಹುದು, ಗೇರ್ ಆರಿಸುವ ಸೆಲೆಕ್ಟರ್ ಶಾಫ್ಟಿನಿಂದ ಇನ್ನೊಂದು ಗೇರ್. ಆ ಇನ್ನೊಂದು ಯಾವುದು ಎಂಬುದನ್ನು ಯಾರೂ ಯೋಚಿಸುವುದಿಲ್ಲ, ಕೈಗೆ ಸಿಕ್ಕಿದ್ದು ಹಾಕುತ್ತಾರೆ. ಇಲ್ಲಿ ಒಂದು ಲೆಕ್ಕವಿದೆ.

ಔಟ್‌ಪುಟ್ ಶಾಫ್ಟಿಗೆ ಬಲ ಹಾಕಿದಾಗ ಅದು ಎರಡು ಗೇರ್ ಜೋಡಿಗಳ ಮೂಲಕ ಇನ್‌ಪುಟ್ ಶಾಫ್ಟಿಗೆ ಹೋಗಿ ಸುತ್ತಿ ಬರುತ್ತದೆ. ಹಲ್ಲಿನ ಮೇಲೆ ಬೀಳುವ ಹೊರೆಯನ್ನು ನಿರ್ಧರಿಸುವುದು ಆ ಎರಡು ಗೇರಿನ ಅನುಪಾತಗಳ (ಔಟ್‌ಪುಟ್ ಶಾಫ್ಟ್ ಒಂದು ಸುತ್ತು ತಿರುಗಲು ಇನ್‌ಪುಟ್ ಎಷ್ಟು ಸುತ್ತಬೇಕು ಎಂಬುದು) ನಡುವಿನ ಅಂತರ. ಒಂದನೇ ಗೇರ್ 3.5, ನಾಲ್ಕನೆಯದು 1.0, ಐದನೆಯದು 0.8 ಎಂದಿಟ್ಟುಕೊಳ್ಳಿ. ನಟ್ಟಿಗೆ 600 ನ್ಯೂಟನ್ ಮೀಟರ್ ಹಾಕಿದರೆ, ಒಂದು ಮತ್ತು ಐದು ಒಟ್ಟಿಗಿದ್ದಾಗ ಒಳಗೆ ಸುತ್ತುವ ಹೊರೆ 600 ಭಾಗಿಸು 2.7, ಅಂದರೆ ಸುಮಾರು 220. ನಾಲ್ಕು ಮತ್ತು ಐದು ಹಾಕಿದ್ದರೆ 600 ಭಾಗಿಸು 0.2, ಅಂದರೆ 3000! ಸಣ್ಣ ಕಾರಿನ ಎಂಜಿನ್ ಕೊಡುವುದು 130ರ ಆಸುಪಾಸು. ಮೊದಲನೆಯದನ್ನು ಗೇರ್ ಒಂದು ಸಲಕ್ಕೆ ತಡೆದೀತು, ಎರಡನೆಯದಕ್ಕೆ ಹಲ್ಲು ಉದುರಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಎರಡು ಗೇರ್ ಹಾಕುವುದಾದರೆ ಒಂದು ಮತ್ತು ಐದೇ ಸರಿ. ರಿವರ್ಸ್ ಬೇಡ, ಅದರ ಐಡ್ಲರ್ ಗೇರ್ (ದಿಕ್ಕು ತಿರುಗಿಸುವ ನಡುವಿನ ಗೇರ್) ಬರೀ ಒಂದು ಪಿನ್ನಿನ ಮೇಲೆ ತೂಗಾಡುತ್ತಿರುತ್ತದೆ.

ಇನ್‌ಪುಟ್ ಶಾಫ್ಟಿನ ನಟ್ಟಿಗೆ ಈ ಉಪಾಯ ಅಷ್ಟು ಒಳ್ಳೆಯದಲ್ಲ. ಅಲ್ಲಿ ಒಂದು–ಐದು ಹಾಕಿದರೂ 600ಕ್ಕೆ ಸುಮಾರು 780 ಹೊರೆ ಬೀಳುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಹಳೆಯ ಕ್ಲಚ್ ಪ್ಲೇಟ್. ಅದರ ನಡುವಿನ ಸ್ಪ್ಲೈನ್ (ಶಾಫ್ಟಿನ ಹಲ್ಲುಗಳಿಗೆ ಕೂರುವ ಉದ್ದ ಹಲ್ಲು) ಇರುವ ಹಬ್ಬನ್ನು ಮಾತ್ರ ಬಿಡಿಸಿಕೊಂಡು, ಒಂದು ಮೀಟರ್ ಉದ್ದದ ದಪ್ಪ ಪಟ್ಟಿಗೆ ವೆಲ್ಡ್ ಮಾಡಬೇಕು. ಸ್ಪ್ರಿಂಗ್ ಸಮೇತ ಇಡೀ ಪ್ಲೇಟಿಗೆ ವೆಲ್ಡ್ ಮಾಡಿದರೆ ಸ್ಪ್ರಿಂಗ್‌ಗಳೇ ಗನ್ನಿನ ಏಟನ್ನು ನುಂಗುತ್ತವೆ. ಈ ಪಟ್ಟಿಯನ್ನು ಇನ್‌ಪುಟ್ ಶಾಫ್ಟಿಗೆ ತೊಡಿಸಿ ನೆಲಕ್ಕೋ ಮೇಜಿಗೋ ಊರಿದರೆ ಇನ್‌ಪುಟ್ ನಟ್ಟಿಗೆ ಗೇರುಗಳ ಮೇಲೆ ಏನೂ ಹೊರೆಯಿಲ್ಲ. ಔಟ್‌ಪುಟ್ ನಟ್ಟಿಗೆ ಒಂದನೇ ಗೇರ್ ಮಾತ್ರ ಹಾಕಿ: 600 ನ್ಯೂಟನ್ ಮೀಟರ್ ಬಂದರೂ ಪಟ್ಟಿಯ ತುದಿಯಲ್ಲಿ ಹಿಡಿಯಬೇಕಾದ್ದು 17 ಕೆ.ಜಿ. ತೂಕದಷ್ಟೇ. ಏಟು ಕೊಡುವ ಮೊದಲು ಹಲ್ಲುಗಳ ನಡುವಿನ ಸಡಿಲನ್ನು ಕೈಯಿಂದಲೇ ತಿರುಗಿಸಿ ಮುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರತಿ ಏಟಿನ ಅರ್ಧ ಆ ಸಡಿಲಿನಲ್ಲೇ ಕಳೆದುಹೋಗುತ್ತದೆ. ಈ ಪ್ರಕರಣದಲ್ಲಿ ಎರಡೂ ನಟ್‌ಗಳಿಗೆ ಬಳಸಿದ್ದು ಇದೇ ಪಟ್ಟಿ.

ಇದೆಲ್ಲ ಶಾಫ್ಟ್‌ಗಳು ಕೇಸಿನಲ್ಲಿ ಕೂತಿರುವಾಗಲೇ ಆಗಬೇಕು. ಹೇಗೋ ಮಾಡಿ ಶಾಫ್ಟುಗಳನ್ನು ಹೊರಗೆಳೆದು ಆಮೇಲೆ ನಟ್ ಬಿಚ್ಚೋಣ ಎಂದರೆ ಹಿಡಿಯಲು ವೈಸ್ ಒಂದೇ ಗತಿ, ವೈಸಿನ ಹಲ್ಲು ಬೇರಿಂಗ್ ಕೂರುವ ಜಾಗವನ್ನೇ ಕಚ್ಚುತ್ತದೆ.

ತುಟಿ ಎತ್ತುವುದು

ತುಟಿ ಎತ್ತದೆ ಗನ್ ಹೊಡೆದರೂ ಎಷ್ಟೋ ನಟ್‌ಗಳು ಬರುತ್ತವೆ. ತುಟಿಯ ಲೋಹ ಮೆದು, ಗ್ರೂವಿನ ಅಂಚಿಗೆ ತಾಗಿ ತಾನೇ ಎದ್ದುಕೊಳ್ಳುತ್ತದೆ. ಇನ್‌ಪುಟ್ ನಟ್ ಬಂದದ್ದು ಹಾಗೆಯೇ. ಅದು ಅದೃಷ್ಟ, ವಿಧಾನವಲ್ಲ. ತುಟಿ ಏಳದೆ ಹರಿದರೆ ಆ ಚೂರು ಥ್ರೆಡ್ ಒಳಗೆ ಎಳೆಯಲ್ಪಟ್ಟು ದಾರಿಯುದ್ದಕ್ಕೂ ಉಳುತ್ತದೆ.

ಸರಿಯಾಗಿ ಎತ್ತಲು ಗ್ರೂವಿನ ಅಗಲಕ್ಕಿಂತ ತುಸು ಕಿರಿದಾದ ಚಾಣ ಬೇಕು. ಹಳೆಯ ಪಂಚ್ ಒಂದನ್ನು ಗ್ರೈಂಡರ್‌ನಲ್ಲಿ ಅರೆದು 4 ಮಿ.ಮೀ. ಅಗಲ ಮಾಡಿ, ತುದಿಯನ್ನು ಚೂಪಾಗಿ ಬಿಡದೆ ಕೆಳಬದಿಯನ್ನು ದುಂಡಗೆ ಮಾಡಿದರೆ ಅದು ಗ್ರೂವಿನ ತಳದ ಮೇಲೆ ಜಾರುತ್ತಾ ತುಟಿಯ ಕೆಳಗೆ ನುಗ್ಗುತ್ತದೆ. ಶಾಫ್ಟಿನ ತುದಿಯಿಂದ ಒಳಕ್ಕೆ, ಗ್ರೂವಿನ ಗುಂಟ, ಸಣ್ಣ ಸುತ್ತಿಗೆಯಿಂದ ಚಿಕ್ಕ ಏಟು. ಅಡ್ಡಕ್ಕೆ ಮೀಟಬಾರದು, ಮೀಟಿದರೆ ಗ್ರೂವಿನ ಪಕ್ಕದ ಥ್ರೆಡ್ ತುದಿಗಳು ಮಡಚಿಕೊಳ್ಳುತ್ತವೆ. ಚಾಣಕ್ಕೆ ಜಾಗವೇ ಸಿಗದಷ್ಟು ತುಟಿ ಅಂಟಿಕೊಂಡಿದ್ದರೆ 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತುಟಿಯ ಮೇಲೆ ಶಾಫ್ಟಿಗೆ ಸಮಾನಾಂತರವಾಗಿ ಒಂದೆರಡು ತೂತು ಕೊರೆದು ಲೋಹವನ್ನು ತೆಳುವಾಗಿಸಿಕೊಳ್ಳಬಹುದು.

ಇಲ್ಲಿ ಎತ್ತಿದ್ದು ಹೀಗೆಯೇ, ತುಟಿ ಎದ್ದಿತು ಕೂಡ. ಎದ್ದ ಮೇಲೆ ಗ್ರೂವನ್ನು ಟಾರ್ಚ್ ಹಾಕಿ ನೋಡಿ, ಸೂಜಿಯಿಂದ ಕೆದಕಿ ಸ್ವಚ್ಛ ಮಾಡಬೇಕಿತ್ತು. ಮಾಡಲಿಲ್ಲ. ಸೀಳು ಬಿಟ್ಟಿದ್ದ ಕಡೆಯ ತುಂಡೊಂದು ಗ್ರೂವಿನಲ್ಲೇ ಉಳಿದಿತ್ತು.

ಬಲ ಹಾಕಿದ್ದು, ನಿಲ್ಲಿಸಿದ್ದು

ಸಾಕೆಟ್ ಆರು ಮೂಲೆಯದು, ಇಂಪ್ಯಾಕ್ಟ್ ದರ್ಜೆಯದು. ಹೊಸ ಸಾಕೆಟ್ಟಿನ ಬಾಯಿ ಒಳಗಡೆ ಓರೆಯಾಗಿರುತ್ತದೆ, ನಟ್ಟಿಗೆ ಸಲೀಸಾಗಿ ಕೂರಲಿ ಎಂದು. 10 ಮಿ.ಮೀ. ಎತ್ತರದ ನಟ್ಟಿನಲ್ಲಿ ಆ ಓರೆಯೇ 2 ಮಿ.ಮೀ. ಹಿಡಿತ ತಿಂದುಹಾಕುತ್ತದೆ, ಮೊದಲೇ ಸವೆದ ಮೂಲೆಗೆ ಅದು ತಡೆಯದು. ಹೀಗಾಗಿ ಸಾಕೆಟ್ಟಿನ ಬಾಯಿಯನ್ನು ಓರೆ ಹೋಗುವವರೆಗೆ ಸಮತಟ್ಟಾಗಿ ಅರೆದುಕೊಳ್ಳಲಾಯಿತು. ತೆಳು ನಟ್‌ಗಳ ಕೆಲಸ ಮಾಡುವವರ ಪೆಟ್ಟಿಗೆಯಲ್ಲಿ ಇಂಥ ಬಾಯಿ ಅರೆದ ಸಾಕೆಟ್ ಒಂದು ಇದ್ದೇ ಇರಬೇಕು.

ಗನ್ನಿನಿಂದ ಹತ್ತು ಸೆಕೆಂಡಿನ ಮೂರು ಸುತ್ತು, ನಟ್ ಅಲುಗಲಿಲ್ಲ. ಗನ್ ಓಡುತ್ತಿರುವಾಗ ಅದರ ಹತ್ತಿರದ ಗಾಳಿಯ ಒತ್ತಡ 6.2 ಬಾರ್ ಇತ್ತು, ಅಂದರೆ ತಪ್ಪು ಗನ್ನಿನದಲ್ಲ. ಇದನ್ನು ನೋಡದೆ ಗನ್ನನ್ನು ಬೈಯುವವರೇ ಹೆಚ್ಚು. ಕಂಪ್ರೆಸರ್ ಮೀಟರ್ ತೋರಿಸುವುದು ಟ್ಯಾಂಕಿನ ಒತ್ತಡ, ಸಣ್ಣ ಪೈಪಿನ ಆ ತುದಿಗೆ ಬರುವಷ್ಟರಲ್ಲಿ ಅದು ಸಾಕಷ್ಟು ಬಿದ್ದಿರಬಹುದು.

ಆಮೇಲೆ ಉದ್ದ ಹಿಡಿಕೆ, ಒಂದು ಮೀಟರ್ ಪೈಪ್. 60 ಕೆ.ಜಿ. ತೂಕದ ಒಬ್ಬರು ಅದರ ತುದಿಗೆ ಜೋತುಬಿದ್ದರೆ 590 ನ್ಯೂಟನ್ ಮೀಟರ್, ಸ್ಪೆಸಿಫಿಕೇಶನ್ನಿನ ಮೂರೂವರೆ ಪಟ್ಟು. ಟಕ್ ಎಂಬ ಸದ್ದಿನೊಂದಿಗೆ ನಟ್ 20 ಡಿಗ್ರಿಯಷ್ಟು ತಿರುಗಿತು. ಆಮೇಲೆ ಸಡಿಲಾಗಬೇಕಿತ್ತು. ಅದರ ಬದಲು ಇನ್ನಷ್ಟು ಬಿಗಿಯಾಯಿತು.

ಸರಿಯಾದ ನಟ್ ಒಮ್ಮೆ ಬಿಟ್ಟರೆ ಬಿಟ್ಟಿತು, ಗೇರಿನ ಮುಖದ ಮೇಲಿನ ಒತ್ತಡ ಹೋದ ಮೇಲೆ ಬೆರಳಲ್ಲಿ ತಿರುಗಬೇಕು. ಬರೀ ಅಂಟು ಹಿಡಿದಿದ್ದರೆ ಒಂದೇ ಸಮ ಭಾರವಾಗಿ ಬರುತ್ತದೆ, ಆದರೆ ಭಾರ ಏರುವುದಿಲ್ಲ. ತಿರುಗಿದಷ್ಟೂ ಬಿಗಿಯಾಗುತ್ತಾ ಹೋದರೆ ಥ್ರೆಡ್ ಒಳಗೆ ಏನೋ ಸಿಕ್ಕಿದೆ ಅಥವಾ ಲೋಹ ಲೋಹವನ್ನು ಕಚ್ಚುತ್ತಿದೆ ಎಂದೇ ಅರ್ಥ. ಅಲ್ಲಿಂದ ಮುಂದೆ ಹಾಕುವ ಪ್ರತಿ ಡಿಗ್ರಿಯೂ ಶಾಫ್ಟಿನ ಥ್ರೆಡ್ ಕೀಳುತ್ತದೆ. ಕೈ ನಿಲ್ಲಿಸಬೇಕಾದ ಜಾಗ ಇದು. ಇಲ್ಲಿ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮುಂದೆ ಹಿಂದೆ ಆಡಿಸಲಾಯಿತು. ಚೂರು ಸಣ್ಣದಿದ್ದರೆ ಇದರಿಂದ ಹೊರಬರುವುದುಂಟು. ಬರಲಿಲ್ಲ.

ಬೆಂಕಿಗೆ ಎಷ್ಟು ಅವಕಾಶ

ಕೆಂಪು ಪೊರೆ ಕಂಡದ್ದರಿಂದ ಬಿಸಿ ಮಾಡಿ ನೋಡುವ ನಿರ್ಧಾರವಾಯಿತು. ಗಟ್ಟಿ ದರ್ಜೆಯ ಲಾಕಿಂಗ್ ಅಂಟು ಮೆತ್ತಗಾಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಷ್ಟ ಏನೆಂದರೆ, ಗೇರಿನ ಮೇಲ್ಪದರವನ್ನೂ ಬೇರಿಂಗ್ ಉಕ್ಕನ್ನೂ ಸಾಮಾನ್ಯವಾಗಿ ಹದ ಮಾಡಿರುವುದು 150ರಿಂದ 200 ಡಿಗ್ರಿಯೊಳಗೆ, ಅದನ್ನು ದಾಟಿದರೆ ಗಡಸುತನ ಇಳಿಯತೊಡಗುತ್ತದೆ. ರಬ್ಬರ್ ಸೀಲ್‌ಗಳು ಅದಕ್ಕೂ ಮೊದಲೇ ಹೋಗುತ್ತವೆ. ನಟ್ಟಿಗೆ 250 ಬೇಕು, ಅದಕ್ಕೆ ಮುಖ ತಾಗಿಸಿಕೊಂಡು ಕೂತ ಗೇರಿಗೆ 200 ದಾಟಬಾರದು. ಆದ್ದರಿಂದ ನಿಧಾನವಾಗಿ ಕಾಯಿಸುವುದು ತಪ್ಪು. ಸಣ್ಣ ಮೊನೆಯ ಜ್ವಾಲೆಯನ್ನು ನಟ್ಟಿನ ಮಗ್ಗುಲುಗಳ ಮೇಲೆ ಮಾತ್ರ ಸುತ್ತಿಸುತ್ತಾ ಅರ್ಧ ಮುಕ್ಕಾಲು ನಿಮಿಷದಲ್ಲಿ ಕಾಯಿಸಿ, ಶಾಖ ಗೇರಿಗೆ ಹರಿಯುವ ಮೊದಲೇ ತಿರುಗಿಸಬೇಕು. ಇಂಡಕ್ಷನ್ ಸುರುಳಿ ಇದ್ದರೆ ಇನ್ನೂ ಒಳ್ಳೆಯದು.

ಬೇಗ ಕಾಯಿಸುವುದರಿಂದ ಇನ್ನೊಂದು ಲಾಭ: ನಟ್ ಶಾಫ್ಟಿಗಿಂತ 200 ಡಿಗ್ರಿ ಬಿಸಿಯಾದರೆ 24 ಮಿ.ಮೀ. ವ್ಯಾಸಕ್ಕೆ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಕೇಳಲು ಅಲ್ಪ, ಥ್ರೆಡ್‌ಗೆ ಅಷ್ಟು ಸಾಕು. ಶಾಫ್ಟೂ ಜೊತೆಗೆ ಕಾದರೆ ಈ ಲಾಭ ಸೊನ್ನೆ.

ಗೇರಿನ ಮೇಲೆ ತಾಪ ತೋರಿಸುವ ಕ್ರೇಯಾನ್ ಗೆರೆ ಎಳೆದಿಟ್ಟರೆ ಊಹೆ ಬೇಕಿಲ್ಲ. ಅದಿಲ್ಲದಿದ್ದರೆ ಬಣ್ಣ ನೋಡಿ: ಹೊಳೆಯುವ ಉಕ್ಕು ಹುಲ್ಲಿನ ಹಳದಿಗೆ ತಿರುಗಿದರೆ 220 ದಾಟಿದೆ, ನೀಲಿಯಾದರೆ 290ರ ಹತ್ತಿರ. ನೀಲಿಯಾದ ಗೇರನ್ನು ವಾಪಸ್ ಹಾಕುವ ಮಾತೇ ಇಲ್ಲ.

ಕಾಯಿಸುವ ಮೊದಲು ಎಣ್ಣೆ ಒರೆಸಬೇಕು, ಒರೆಸಲು ಬ್ರೇಕ್ ಕ್ಲೀನರ್ ಬಳಸಬಾರದು. ಕ್ಲೋರಿನ್ ಇರುವ ಕ್ಲೀನರ್ ಬೆಂಕಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕ್ಲೋರಿನ್ ಇಲ್ಲದ್ದು ಧಗ್ಗನೆ ಹತ್ತಿಕೊಳ್ಳುತ್ತದೆ. ಕೇಸ್ ಅಲ್ಯೂಮಿನಿಯಂನದೋ ಮೆಗ್ನೀಸಿಯಂನದೋ ಎಂಬುದೂ ಗೊತ್ತಿರಬೇಕು. ಮೆಗ್ನೀಸಿಯಂ ಪುಡಿ ಹತ್ತಿಕೊಂಡರೆ ನೀರು ಹಾಕಿದಷ್ಟೂ ಉರಿಯುತ್ತದೆ.

ಬಿಸಿಗೆ ನಟ್ ಇನ್ನೊಂದು ಹತ್ತು ಡಿಗ್ರಿ ಬಂತು, ಮತ್ತೆ ಕಚ್ಚಿಕೊಂಡಿತು. ಈ ಸಲ ಸಾಕೆಟ್ ಎರಡು ಮೂಲೆ ಸವರಿಕೊಂಡು ಜಾರಿತು. ಅಂಟು ಬಿಟ್ಟಿತ್ತು, ಚೂರು ಬಿಟ್ಟಿರಲಿಲ್ಲ. ಅಂದರೆ ಮೊದಲಿಂದಲೂ ಎರಡು ಹಿಡಿತಗಳಿದ್ದವು. ಒಂದಕ್ಕೆ ಬೆಂಕಿ ಮದ್ದು, ಇನ್ನೊಂದಕ್ಕೆ ಮದ್ದಿಲ್ಲ.

ಕತ್ತರಿಸುವುದು

ನಟ್ ಹೇಗೂ ಹೊಸದು ಹಾಕಬೇಕಾದದ್ದು. ಕುಟ್ಟಿದ ತುಟಿಯ ನಟ್ ಒಂದೇ ಸಲದ ಬಳಕೆಗೆ. ಅದನ್ನು ಉಳಿಸಲು ಎರಡು ಗಂಟೆ ಹೆಣಗಿದ್ದಕ್ಕೆ ಅರ್ಥವೇ ಇರಲಿಲ್ಲ.

ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿದೆ ಜಾಣತನ. ಶಾಫ್ಟಿನ ಗ್ರೂವಿನ ಮೇಲೆಯೇ ಕತ್ತರಿಸಬೇಕು. ಗ್ರೂವ್ ಇರುವಲ್ಲಿ ಥ್ರೆಡ್ ಇಲ್ಲ, ಡಿಸ್ಕ್ ಕೂದಲೆಳೆಯಷ್ಟು ಜಾಸ್ತಿ ಇಳಿದರೂ ಕೆಳಗೆ ಸಿಗುವುದು ಖಾಲಿ ಜಾಗ. ಶಾಫ್ಟಿನ ತುದಿಯಲ್ಲಿ ಗ್ರೂವ್ ಕಾಣುತ್ತದೆ, ಅದರ ನೇರಕ್ಕೆ ನಟ್ಟಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಬೇಕು. ಇಲ್ಲಿ ಗೆರೆ ಒಂದು ಮಗ್ಗುಲಿನ ನಡುವಿಗೆ ಹತ್ತಿರ ಬಿತ್ತು. ಅಲ್ಲಿ ನಟ್ಟಿನ ದಪ್ಪ 36ರಲ್ಲಿ 24 ಕಳೆದು ಅರ್ಧ ಮಾಡಿದರೆ 6 ಮಿ.ಮೀ. ಮೂಲೆಯ ಮೇಲೆ ಬಿದ್ದಿದ್ದರೆ ಸುಮಾರು 9 ಮಿ.ಮೀ. ಕತ್ತರಿಸಬೇಕಾಗುತ್ತಿತ್ತು.

ಮೊದಲು ಗೇರ್‌ಬಾಕ್ಸನ್ನು ಮಲಗಿಸಲಾಯಿತು, ಶಾಫ್ಟ್ ಅಡ್ಡ ಇದ್ದರೆ ಪುಡಿ ಕೆಳಕ್ಕೆ ಬೀಳುತ್ತದೆ, ಬೇರಿಂಗಿಗೆ ಇಳಿಯುವುದಿಲ್ಲ. ಗೇರಿನ ಮುಖಕ್ಕೆ 0.5 ಮಿ.ಮೀ. ತಗಡಿನ ತುಂಡು, ಬೇರಿಂಗ್ ಸುತ್ತ ಗ್ರೀಸ್ ಮೆತ್ತಿದ ಬಟ್ಟೆ, ಅದರ ಮೇಲೆ ಟೇಪು. ಅಯಸ್ಕಾಂತ ಇಟ್ಟರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಅದು ಉಕ್ಕಿನ ಪುಡಿಯನ್ನು ಹಿಡಿಯುತ್ತದೆ, ಡಿಸ್ಕಿನಿಂದ ಉದುರುವ ಅರೆಯುವ ಕಣಗಳನ್ನು ಹಿಡಿಯುವುದಿಲ್ಲ. ಬೇರಿಂಗನ್ನು ಕೆಡಿಸುವುದು ಈ ಎರಡನೆಯವೇ.

50 ಮಿ.ಮೀ. ವ್ಯಾಸದ, 1 ಮಿ.ಮೀ. ದಪ್ಪದ ಡಿಸ್ಕ್, ಸಣ್ಣ ಗ್ರೈಂಡರ್. 5 ಮಿ.ಮೀ. ಆಳದವರೆಗೆ ಕತ್ತರಿಸಿ ನಿಲ್ಲಿಸಿದ್ದು, ಕೆಳಗೆ 0.8ರಿಂದ 1 ಮಿ.ಮೀ. ಗೋಡೆ ಉಳಿಸಿಕೊಂಡು. ಡಿಸ್ಕ್ ದುಂಡಗಿರುವುದರಿಂದ ಗೇರಿನ ಹತ್ತಿರದ ಕೊನೆಯ 3 ಮಿ.ಮೀ. ಪೂರ್ತಿ ಆಳಕ್ಕೆ ಕತ್ತರಿಸುವುದಿಲ್ಲ, ಇನ್ನೂ ಒತ್ತಿದರೆ ಗೇರಿನ ಮುಖ ಕುಯ್ಯುತ್ತದೆ. ಆ ಮೂಲೆಯನ್ನು ಲೋಹ ಕೊರೆಯುವ 3 ಮಿ.ಮೀ. ಕಾರ್ಬೈಡ್ ಬರ್‌ನಿಂದ ತೆಗೆಯಲಾಯಿತು. ನಡುನಡುವೆ ನಿಲ್ಲಿಸಿ ನೋಡುತ್ತಿದ್ದರೆ ತಳದ ಬಣ್ಣವೇ ಹೇಳುತ್ತದೆ: ಗೋಡೆ ತೆಳುವಾದಂತೆ ಶಾಖ ಹರಿಯಲು ದಾರಿಯಿಲ್ಲದೆ ಕಡಿತದ ತಳ ಬೇಗ ನೀಲಿಗಟ್ಟುತ್ತದೆ.

ಆಮೇಲೆ 12 ಮಿ.ಮೀ. ಅಗಲದ ಚಾಣವನ್ನು ಕಡಿತದೊಳಗಿಟ್ಟು ಎರಡು ಏಟು. ಚಿಟ್ ಎಂದು ಗೋಡೆ ಹರಿಯಿತು, ನಟ್ ಅರ್ಧ ಮಿ.ಮೀ. ಬಾಯಿ ಬಿಟ್ಟಿತು. ಪೈಪ್ ರೆಂಚಿನಿಂದ ಹಿಡಿದು ತಿರುಗಿಸಿದರೆ ಗಿರಗಿರನೆ ಬಂತು. ಗುರುತು ಹಾಕಿದಲ್ಲಿಂದ ನಟ್ ಕೈಗೆ ಬರುವವರೆಗೆ 25 ನಿಮಿಷ.

ಒಳಗೆ ಸಿಕ್ಕಿದ್ದು

ಶಾಫ್ಟಿನ ಹೊರತುದಿಯಿಂದ ಮೂರು ಮತ್ತು ನಾಲ್ಕನೇ ಸುತ್ತಿನ ನಡುವೆ 2 ಮಿ.ಮೀ. ಉದ್ದದ ಲೋಹದ ಎಸಳು, ಬೀಡಿಯಂತೆ ಸುರುಳಿ ಸುತ್ತಿಕೊಂಡಿತ್ತು. ಚೂಪು ಪಂಚಿನ ಏಟಿಗೆ ಹರಿದ ತುಟಿಯ ತುಂಡು ಅದು. ಗ್ರೂವಿನಲ್ಲಿ ಬಿದ್ದಿದ್ದನ್ನು ನಟ್ ತಿರುಗುವಾಗ ಗ್ರೂವಿನ ಅಂಚಿನಿಂದ ಥ್ರೆಡ್ ಒಳಕ್ಕೆ ಬಳಿದುಕೊಂಡು ಹೋಗಿದೆ. ಮೊದಲ 20 ಡಿಗ್ರಿ ಬಂದು ಆಮೇಲೆ ಬಿಗಿಯಾದದ್ದು ಯಾಕೆಂದು ಅದು ಕಂಡ ಮೇಲೆ ವಿವರಿಸುವ ಅಗತ್ಯವಿರಲಿಲ್ಲ.

ಶಾಫ್ಟಿನ ಒಂದೂವರೆ ಸುತ್ತು ಥ್ರೆಡ್ ಗೀಚಿತ್ತು. ಇದನ್ನು ಉಳಿಸಬಹುದೇ ಎಂಬುದು ಎಲ್ಲಿ ಗೀಚಿದೆ ಎನ್ನುವುದರ ಮೇಲೆ ನಿಂತಿದೆ. ನಟ್ಟಿನ ಹೊರೆ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚುವುದಿಲ್ಲ. ಗೇರಿನ ಮುಖಕ್ಕೆ ತಾಗಿದ ಮೊದಲ ಸುತ್ತೇ ಸುಮಾರು ಮೂರನೇ ಒಂದು ಭಾಗ ಹೊರುತ್ತದೆ. ಇಲ್ಲಿ ಹಾಳಾದದ್ದು ಹೊರಗಿನ ಕಡೆ, ಗೇರಿನ ಪಕ್ಕದ ನಾಲ್ಕೈದು ಸುತ್ತು ಹೊಸದರಂತಿದ್ದವು. ಹಾನಿ ಒಳಗಿನ ಮೊದಲೆರಡು ಸುತ್ತಿನಲ್ಲಾಗಿದ್ದರೆ ಶಾಫ್ಟ್ ಬದಲಿಸುವುದೇ ಸರಿ.

1.5 ಪಿಚ್ಚಿನ ಥ್ರೆಡ್ ಅರದಿಂದ ಮಡಚಿದ ತುದಿಗಳನ್ನಷ್ಟೇ ತೆಗೆದು, ಇನ್‌ಪುಟ್ ಶಾಫ್ಟಿನಿಂದ ಬಂದ ಹಳೆಯ ನಟ್ಟನ್ನು ಒಂದು ಕಡೆ ಸೀಳಿ, ಎಣ್ಣೆ ಬಿಟ್ಟು ಮೇಲೆ ಕೆಳಗೆ ಓಡಿಸಲಾಯಿತು. ಎರಡು ನಟ್ಟಿನ ಥ್ರೆಡ್ಡೂ ಒಂದೇ ಇದ್ದದ್ದರಿಂದ ಇದು ಸಾಧ್ಯವಾಯಿತು. ಹೊಸದಾಗಿ ಥ್ರೆಡ್ ಕತ್ತರಿಸುವ ಡೈ ಹಾಕುವ ಆಸೆ ಬೇಡ, ಅದು ಕೆಟ್ಟ ಥ್ರೆಡ್ ಜೊತೆಗೆ ಒಳ್ಳೆಯದನ್ನೂ ತೆಳುವಾಗಿಸುತ್ತದೆ. ಪರೀಕ್ಷೆ ಇಷ್ಟೇ: ಹೊಸ ನಟ್ ಗೇರಿನ ಮುಖದವರೆಗೂ ಬೆರಳಲ್ಲಿ ಹೋಗಬೇಕು. ಹೋಯಿತು.

ಮತ್ತೆ ಕಟ್ಟುವಾಗ

ಬೇರಿಂಗ್, ಸಿಂಕ್ರೊ, ಸ್ಲೀವ್ ಬದಲಾಯಿಸಿ ಕೇಸ್ ಮುಚ್ಚಿದ ಮೇಲೆ ನಟ್‌ಗಳ ಸರದಿ. ಎರಡೂ ಹೊಸವು. ಗ್ರೂವನ್ನೂ ಥ್ರೆಡ್ಡನ್ನೂ ತಂತಿಯ ಬ್ರಷ್‌ನಿಂದ ಉಜ್ಜಿ, ಹಳೆ ಅಂಟಿನ ಪುಡಿ ಒಂದಿಷ್ಟೂ ಉಳಿಯದಂತೆ ಮಾಡಬೇಕು. ಥ್ರೆಡ್‌ಗೆ ಎಣ್ಣೆ ಹಚ್ಚುವುದೋ ಒಣ ಬಿಡುವುದೋ ಎಂಬುದನ್ನು ಆ ಗೇರ್‌ಬಾಕ್ಸಿನ ಮ್ಯಾನ್ಯುಯಲ್ ಹೇಳಿದಂತೆ. ಒಣ ಥ್ರೆಡ್ಡಿನ ಅಂಕಿಯನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಹಾಕಿದರೆ ರೆಂಚ್ ಅದೇ ತೋರಿಸುತ್ತದೆ, ಒಳಗಿನ ಒತ್ತಡ ಮಾತ್ರ ಬಹಳ ಹೆಚ್ಚಿರುತ್ತದೆ.

ಮತ್ತದೇ ಕ್ಲಚ್ ಹಬ್ಬಿನ ಪಟ್ಟಿ ತೊಡಿಸಿ, ಒಂದನೇ ಗೇರ್ ಹಾಕಿ, ಮೊದಲು 100, ಆಮೇಲೆ 170 ನ್ಯೂಟನ್ ಮೀಟರ್. ಗನ್ನಿನಿಂದ ಬಿಗಿ ಮಾಡಲೇಬಾರದು. ಎಷ್ಟಾಯಿತೆಂಬ ಲೆಕ್ಕ ಅದಕ್ಕಿಲ್ಲ. ತುಟಿ ಸುತ್ತಲೂ ಇರುವುದರಿಂದ ಗ್ರೂವ್ ಎಲ್ಲಿದ್ದರೂ ಅಲ್ಲಿ ಕುಟ್ಟಬಹುದು, ಗ್ರೂವಿಗೆ ಹೊಂದಿಸಲೆಂದು ನಟ್ಟನ್ನು ಹಿಂದೆ ತಿರುಗಿಸುವ ಪ್ರಶ್ನೆಯೇ ಬರುವುದಿಲ್ಲ.

ಕುಟ್ಟುವ ಪಂಚಿನ ಮೂತಿ ಸುಮಾರು 3 ಮಿ.ಮೀ. ತ್ರಿಜ್ಯಕ್ಕೆ ದುಂಡಗಿರಬೇಕು, ಕನ್ನಡಿಯಂತೆ ನಯವಾಗಿರಬೇಕು. ಮೂರು ನಾಲ್ಕು ಹಗುರ ಏಟಿನಲ್ಲಿ ತುಟಿ ಬಟ್ಟಲಿನಂತೆ ಗ್ರೂವಿಗೆ ಇಳಿಯಬೇಕು, ಗ್ರೂವಿನ ಎರಡೂ ಗೋಡೆಗೆ ತಾಗಬೇಕು. ಕುಟ್ಟಿದ ಮೇಲೆ ಭೂತಗನ್ನಡಿಯಿಂದ ಅಂಚು ನೋಡಿ. ಕೂದಲಷ್ಟು ಸೀಳು ಕಂಡರೂ ಆ ನಟ್ ತೆಗೆದು ಇನ್ನೊಂದು ಹಾಕಬೇಕು. ಇಂಥದ್ದೇ ಸೀಳನ್ನು ಹಿಂದೊಮ್ಮೆ ಯಾರೋ ಹಾಗೇ ಬಿಟ್ಟದ್ದರಿಂದ ಈ ಮೂರು ಗಂಟೆ. ಮ್ಯಾನ್ಯುಯಲ್ ಕೇಳದಿದ್ದರೆ ತುಟಿ ಇರುವ ನಟ್ಟಿಗೆ ಲಾಕಿಂಗ್ ಅಂಟೂ ಬೇಡ.

ಐದನೇ ಗೇರಿನ ಅಕ್ಕಪಕ್ಕದ ಸಡಿಲನ್ನು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ಅಳೆದು, ತಗಡಿನ ಮುಚ್ಚಳ ಹಾಕುವ ಮೊದಲು ಪ್ರತಿ ಗೇರನ್ನೂ ಹಾಕಿ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಲಾಯಿತು. ಪಕ್ಕದಲ್ಲೇ ಗ್ರೈಂಡರ್ ಓಡಿದ್ದರಿಂದ ಮೊದಲು ತುಂಬಿದ ಎಣ್ಣೆಯನ್ನು 500 ಕಿ.ಮೀ. ಓಡಿದ ಮೇಲೆ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಲಾಯಿತು. ಡ್ರೇನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ತೆಳು ಕೆಸರು ಇತ್ತು, ಹೊಸ ಭಾಗಗಳು ಒಗ್ಗುವಾಗ ಬರುವಂಥದ್ದೇ. ಬಟ್ಟೆಯಲ್ಲಿ ಬೆರಳಿಗೆ ಹರಳಿನಂತೆ ತಾಗುವ ಕಣ ಸಿಗಲಿಲ್ಲ.